ಹೂ ಬರೋ ಮುಂಚೆನೇ ಹೊರಟವರು

ಜಪಾನಲ್ಲಿ ಹೆಚ್ಚೂಕಮ್ಮಿ ಎಲ್ಲದಕ್ಕೂ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಸ್ಕೂಲು, ಕಾಲೇಜು, ಸರ್ಕಾರಿ ಇಲಾಖೆ, ಬಹುಪಾಲು ಆಫೀಸಿಗೂ. ನಮ್ಮಲ್ಲೂ ಬ್ಯಾಂಕು, ಟ್ಯಾಕ್ಸಿನ ಲೆಕ್ಕ ಅದೇ ದಿನಕ್ಕೆ ಮುಗಿಯುತ್ತೆ ಸರಿ, ಆದ್ರೆ ನಮ್ಮಲ್ಲಿ ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜ ಅಂತ ಒಂದಿಷ್ಟು ಉಸಿರಾಡೋಕೆ ಟೈಮ್ ಇರುತ್ತೆ, ಟ್ರಾನ್ಸ್‌ಫರ್ ಆದವರೂ ಮೇ ಜೂನ್ ಹೊತ್ತಿಗೆ ಮಕ್ಕಳ ಸ್ಕೂಲು ನೋಡ್ಕೊಂಡು ನಿಧಾನಕ್ಕೆ ಸಾಮಾನು ಕಟ್ತಾರೆ. ಇಲ್ಲಿ ಹಾಗಿಲ್ಲ. ಮಾರ್ಚ್ ಕೊನೆ ವಾರದಲ್ಲಿ ಒಂದೂರು ಬಿಟ್ಟು ಏಪ್ರಿಲ್ 1ಕ್ಕೆ ಇನ್ನೊಂದೂರಲ್ಲಿ ಕೆಲಸಕ್ಕೆ ಹಾಜರಾಗ್ಬೇಕು. ದೇಶಕ್ಕೆ ದೇಶವೇ ಒಂದೇ ವಾರದಲ್ಲಿ ಮನೆ ಖಾಲಿ ಮಾಡ್ತಿದೆಯೇನೋ ಅನ್ಸುತ್ತೆ, ಸಾಮಾನು ಸಾಗಿಸೋ ಲಾರಿ ಸಿಗೋದೇ ಕಷ್ಟ, ಸಿಕ್ಕಿದ್ರೂ ಆ ವಾರದ ರೇಟು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ.

ಟೋಕಿಯೋ ಕಡೆ ಇರೋರಿಗೆ ಒಂದು ಸಮಾಧಾನ ಇದೆ. ಸರಿಯಾಗಿ ಆ ವಾರದಲ್ಲೇ ಅಲ್ಲಿ ಸಕುರಾ, ಅಂದ್ರೆ ಚೆರಿ ಹೂ, ಅರಳುತ್ತೆ. ಹೊರಡೋರು ಮರದ ಕೆಳಗೆ ನಿಂತು ಒಂದು ಫೋಟೋ ತೆಗೆಸ್ಕೊಂಡು, ಅತ್ತು, ನಕ್ಕು ಹೋಗ್ತಾರೆ. ಇಲ್ಲಿನ ಟೀವಿಲಿ, ಜಾಹೀರಾತಲ್ಲಿ ಎಲ್ಲಿ ನೋಡಿದ್ರೂ ಬೀಳ್ಕೊಡುಗೆ ಅಂದ್ರೆ ಸಕುರಾ, ಸಕುರಾ ಅಂದ್ರೆ ಬೀಳ್ಕೊಡುಗೆ. ಆದ್ರೆ ನಾವಿರೋ ಮತ್ಸುಮೊಟೊ ಬೆಟ್ಟದೂರು. ನಗಾನೊ ಪ್ರಾಂತ್ಯದಲ್ಲಿ, ಸಮುದ್ರ ಮಟ್ಟದಿಂದ ಹೆಚ್ಚೂಕಮ್ಮಿ 600 ಮೀಟರ್ ಎತ್ತರದಲ್ಲಿ, ಪಶ್ಚಿಮಕ್ಕೆ 3000 ಮೀಟರ್ ಮುಟ್ಟೋ ಉತ್ತರ ಆಲ್ಪ್ಸ್ ಸಾಲು, ಪೂರ್ವಕ್ಕೆ ಉತ್ಸುಕುಶಿಗಹರಾ ಅನ್ನೋ ಬೆಟ್ಟ. ಇಲ್ಲಿ ಮಾರ್ಚ್ ಕೊನೇಲೂ ಎಷ್ಟೋ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತೆ, ಸಕುರಾ ಅರಳೋದು ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಈಚೆಗೆ ಬಿಸಿಲು ಜಾಸ್ತಿಯಾಗಿ ಒಂದೊಂದು ವರ್ಷ ಮುಂಚೆನೇ ಅರಳಿಬಿಡುತ್ತೆ ನಿಜ, ಆದ್ರೂ ಮಾರ್ಚಲ್ಲಿ ಹೊರಡೋರ ಕಣ್ಣಿಗೆ ಅದು ಬೀಳೋದು ಅಪರೂಪ.

ಅಂದ್ರೆ ಈ ಊರಲ್ಲಿ ಹೋಗೋರು ಹೂ ನೋಡದೇ ಹೋಗ್ತಾರೆ. ಹೂ ಸಿಗೋದು ಹೊಸದಾಗಿ ಬರೋರಿಗೆ, ಮತ್ತೆ ನಮ್ಮ ಥರ ಉಳ್ಕೊಂಡೋರಿಗೆ. ಚಳಿಗಾಲ ಪೂರ್ತಿ ಈ ಊರಿನ ಕಷ್ಟ ಎಲ್ಲ ಅನುಭವಿಸಿ, ರಾತ್ರಿ ಮಲಗೋ ಮುಂಚೆ ಪೈಪಲ್ಲಿರೋ ನೀರು ಹೆಪ್ಪುಗಟ್ಟದೆ ಇರ್ಲಿ ಅಂತ ಖಾಲಿ ಮಾಡಿ, ಬೆಳಿಗ್ಗೆ ಕಾರಿನ ಗಾಜಿಂದ ಐಸ್ ಕೆರೆದು, ಕೆಂಪು ಕ್ಯಾನಲ್ಲಿ ಸೀಮೆಎಣ್ಣೆ ಹೊತ್ಕೊಂಡು ಬಂದು ಹೀಟರ್‌ಗೆ ತುಂಬಿಸಿದವರು, ಇನ್ನೇನು ಎರಡು ವಾರ ಕಳೆದ್ರೆ ಹೂ ಬರುತ್ತೆ ಅನ್ನೋವಾಗ ಹೊರಟುಬಿಡ್ತಾರೆ. ನಂಗೆ ಇದು ಪ್ರತಿ ವರ್ಷ ಅನ್ಯಾಯ ಅನ್ಸುತ್ತೆ. ಈ ವರ್ಷ ಅಂತೂ ತುಂಬಾನೇ ಅನ್ಸ್ತು, ಯಾಕಂದ್ರೆ ಈ ವರ್ಷ ಹೊರಟಿದ್ದು ನಮ್ಮ ಮದುರೆ ಅಕ್ಕ.

ನಾನು ಹುಟ್ಟಿ ಬೆಳೆದಿದ್ದು ಮೂಡಿಗೆರೆ ಕಡೆ. ನಮ್ಮಲ್ಲಿ ಮಾರ್ಚ್ ಏಪ್ರಿಲಲ್ಲಿ ಹೂಮಳೆ ಬೀಳುತ್ತೆ, ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗೆ, ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಆ ಘಮ ಸೀದಾ ಒಳಗೆ ಬರೋದು. ಅದು ಎಲ್ಲರೂ ಮನೆಗೆ ಬರೋ ಕಾಲ. ಬೆಂಗಳೂರಿಂದ ಚಿಕ್ಕಪ್ಪನ ಮಕ್ಕಳು, ಹಾಸನದಿಂದ ಅತ್ತೆ ಮಕ್ಕಳು ರಜಕ್ಕೆ ಬಂದು ಇಳಿಯೋರು. ಹಾಗಾಗಿ ನನ್ನ ತಲೇಲಿ ಬಿಳಿ ಹೂ ಅಂದ್ರೆ ಮನೆ ತುಂಬ ಜನ. ಇಲ್ಲಿಗೆ ಬಂದ ಮೇಲೆ ಮೊದಲ ವರ್ಷ ಮಾರ್ಚಲ್ಲಿ ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಬಾಗಿ ನಮಸ್ಕಾರ ಮಾಡಿ ಹೊರಟಾಗ ಏನಾಗ್ತಿದೆ ಅಂತಾನೇ ಅರ್ಥ ಆಗ್ಲಿಲ್ಲ.

ಈ ಊರಲ್ಲಿ ಇದು ಇನ್ನೂ ಜೋರು, ಅದಕ್ಕೊಂದು ಕಾರಣ ಇದೆ. ಇಲ್ಲಿ ಶಿನ್ಶು ಯೂನಿವರ್ಸಿಟಿ ಇದೆ, ಅದರ ಎಲ್ಲ ವಿಭಾಗದ ಮೊದಲ ವರ್ಷದ ಮಕ್ಕಳೂ ಮತ್ಸುಮೊಟೊದಲ್ಲೇ ಓದ್ಬೇಕು, ವರ್ಷ ಮುಗಿದ ಮೇಲೆ ಇಂಜಿನಿಯರಿಂಗ್‌ನವರು ನಗಾನೊ ಸಿಟಿಗೆ, ಜವಳಿ ಓದೋರು ಉಎದಾಗೆ, ಕೃಷಿಯವರು ಇನಾ ಕಡೆಗೆ ಚದುರಿಹೋಗ್ತಾರೆ. ಒಂದೇ ವರ್ಷ ಇದ್ದು, ಸೈಕಲ್ಲಲ್ಲಿ ಊರೆಲ್ಲ ಸುತ್ತಿ, ಗೆಳೆಯರು ಮಾಡ್ಕೊಂಡು, ಆಮೇಲೆ ಎಲ್ಲರೂ ಬೇರೆ ಬೇರೆ. ಮಾರ್ಚಲ್ಲಿ ಯೂನಿವರ್ಸಿಟಿ ಸುತ್ತಮುತ್ತ ಅಪಾರ್ಟ್ಮೆಂಟ್‌ಗಳ ಮುಂದೆ ರಟ್ಟಿನ ಡಬ್ಬ, ಅಕ್ಕಿ ಕುಕ್ಕರ್, ಮಡಚಿಟ್ಟ ಹಾಸಿಗೆ ನೋಡಿದ್ರೆ ಹೊಟ್ಟೆಲಿ ಏನೋ ಆಗುತ್ತೆ.

ಇನ್ನು ಮೇಷ್ಟ್ರುಗಳ ವಿಷ್ಯ. ಟ್ರಾನ್ಸ್‌ಫರ್ ಆಗಿದೆ ಅಂತ ಅವ್ರಿಗೆ ಮುಂಚೆನೇ ಗೊತ್ತಿರುತ್ತೆ, ಆದ್ರೆ ಹೊರಗೆ ಬರೋವರೆಗೂ ಬಾಯಿ ಬಿಡೋ ಹಾಗಿಲ್ಲ. ಮಾರ್ಚಲ್ಲಿ ಒಂದು ದಿನ ಇಲ್ಲಿನ ಪೇಪರಲ್ಲಿ, ಯಾವ ಸ್ಕೂಲಿನ ಯಾರು ಯಾವ ಸ್ಕೂಲಿಗೆ ಅಂತ ಪ್ರಾಂತ್ಯದ ಮೇಷ್ಟ್ರುಗಳ ಹೆಸರು ಪುಟಗಟ್ಟಲೆ ಸಣ್ಣಕ್ಷರದಲ್ಲಿ ಪ್ರಿಂಟ್ ಆಗಿ ಬರುತ್ತೆ. ನಮ್ಮ ಎಸ್ಸೆಸ್ಸೆಲ್ಸಿ ರಿಸಲ್ಟ್ ಪೇಪರಲ್ಲಿ ಬರ್ತಿದ್ದ ಕಾಲ ನೆನಪಾಗುತ್ತೆ ನಂಗೆ, ಪಕ್ಕದ ಮನೆ ಅಜ್ಜಿ ಕನ್ನಡಕ ಮೇಲೆತ್ತಿ ಮೊಮ್ಮಕ್ಕಳ ಮೇಷ್ಟ್ರ ಹೆಸರು ಹುಡುಕೋದೂ ಹಾಗೇ.

ನಮ್ಮ ಮಗಳದ್ದು ಡೇಕೇರ್, ಇಲ್ಲಿ ಹೊಯ್ಕುಯೆನ್ ಅಂತಾರೆ. ಅವಳನ್ನ ಚಿಕ್ಕೋಳಿದ್ದಾಗಿಂದ ನೋಡ್ಕೊಂಡ ಸೆನ್ಸೇಗೂ, ಅಂದ್ರೆ ಟೀಚರ್‌ಗೂ, ಈ ಸಲ ಟ್ರಾನ್ಸ್‌ಫರ್ ಆಯ್ತು, ಊರಿನ ಇನ್ನೊಂದು ತುದಿಲಿರೋ ಹೊಯ್ಕುಯೆನ್‌ಗೆ. ಮಗಳು ಮೊದಲು ಸೇರಿದಾಗ ಅವಳಿಗೆ ಬರ್ತಿದ್ದಿದ್ದು ಕನ್ನಡ ಒಂದೇ. ಆಗ ಆ ಸೆನ್ಸೇ ನನ್ನನ್ನ ಕೂರಿಸ್ಕೊಂಡು ಕೇಳಿ ಕೇಳಿ ಒಂದು ಚೀಟಿ ಬರ್ಕೊಂಡಿದ್ರು. ನೀರು, ಅನ್ನ, ಸಾಕು, ನೋವು, ಅಮ್ಮ ಬರ್ತಾಳೆ. ಇಷ್ಟನ್ನ ಜಪಾನಿ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆದು, ಕಪಾಟಿನ ಒಳಬಾಗಿಲಿಗೆ ಅಂಟಿಸಿಟ್ಟಿದ್ರು. ಬೀಳ್ಕೊಡುಗೆ ದಿನ ಆ ಚೀಟಿನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ನನ್ನ ಕೈಗೆ ಕೊಟ್ರು. ಮೂಲೆಗಳು ಹಳದಿ ಆಗಿತ್ತು, ‘ಅಮ್ಮ ಬರ್ತಾಳೆ’ ಅನ್ನೋದ್ರ ಕೆಳಗೆ ಪೆನ್ಸಿಲಲ್ಲಿ ಎರಡು ಸಲ ಗೆರೆ ಎಳೆದಿತ್ತು. ಎಷ್ಟು ಮಧ್ಯಾಹ್ನ ಅಳ್ತಿದ್ದ ಮಗುಗೆ ಅವ್ರು ಆ ಮಾತು ಹೇಳಿರ್ಬೇಕು ಅಂತ ಅನ್ಕೊಂಡ್ರೆ ನಂಗೆ ಈಗ್ಲೂ ಗಂಟಲು ಕಟ್ಟುತ್ತೆ. ಅಪ್ಪ ಅಮ್ಮಂದಿರೆಲ್ಲ ಸೇರಿ ಅವ್ರಿಗೊಂದು ಚೌಕದ ದಪ್ಪ ಕಾರ್ಡ್ ಕೊಟ್ವಿ, ಮಧ್ಯದಲ್ಲಿ ಮಕ್ಕಳ ಫೋಟೋ, ಸುತ್ತ ಎಲ್ಲರೂ ಎರಡೆರಡು ಸಾಲು ಬರೆಯೋದು ಇಲ್ಲಿನ ಪದ್ಧತಿ. ನಾನು ಕನ್ನಡದಲ್ಲೇ ಬರೆದೆ. ಅವ್ರು ಅದ್ರ ಮೇಲೆ ಬೆರಳಿಟ್ಟು ಓದಿಸ್ಕೊಂಡ್ರು, ನಾನು ಓದಿದ ಹಾಗೇ ತಿರುಗಿ ಹೇಳಿದ್ರು.

ಆ ವಾರ ಸಂಜೆ ಹೊತ್ತಲ್ಲಿ ಮತ್ಸುಮೊಟೊ ಸ್ಟೇಷನ್‌ಗೆ ಹೋದ್ರೆ ಸೂಟ್ ಹಾಕಿರೋ ಗಂಡಸರು ಕೈಲಿ ದೊಡ್ಡ ದೊಡ್ಡ ಹೂಗುಚ್ಛ ಹಿಡ್ಕೊಂಡು ನಿಂತಿರೋದು ಕಾಣುತ್ತೆ. ಆಫೀಸಿನ ಬೀಳ್ಕೊಡುಗೆ ಊಟ ಮುಗಿಸಿ ಬಂದವರು. ಅಂಗಡಿ ಹೂ ಅವು, ಹಸಿರುಮನೇಲಿ ಬೆಳೆದಿದ್ದು. ಹೊರಗೆ ಮರಗಳು ಇನ್ನೂ ಬೋಳು.

ಈಗ ಅಕ್ಕನ ವಿಷ್ಯ ಬರೀತೀನಿ. ಅಕ್ಕ ಅವ್ರ ಊರು ಮದುರೆ, ಗಂಡ ಇಲ್ಲಿ ಪಿಎಚ್‌ಡಿ ಮಾಡ್ತಿದ್ರು. ನಮ್ಮದೇ ಬೀದಿ, ಎರಡು ಮನೆ ಆಚೆ. ನಂಗೆ ತಮಿಳು ಅರ್ಧ ಬರುತ್ತೆ, ಅವ್ರಿಗೆ ಕನ್ನಡ ಕಾಲು ಬರುತ್ತೆ, ಮಿಕ್ಕಿದ್ದು ಇಂಗ್ಲಿಷು, ಜಪಾನಿ, ಕೈ ಬಾಯಿ ಸನ್ನೆ. ‘ಏನ್ಮಾ, ಊಟ ಆಯ್ತಾ’ ಅಂತ ಬಾಗಿಲಲ್ಲಿ ನಿಂತು ಕೇಳೋರು ಈ ಊರಲ್ಲಿ ನಂಗೆ ಅವ್ರೊಬ್ರೇ. ನಂಗೆ ಜ್ವರ ಬಂದು ಮಲಗಿದಾಗ ಹಿಮದಲ್ಲಿ ರಸಂ ತಂದು ಬಾಗಿಲ ಹಿಡಿಗೆ ತೂಗುಹಾಕಿ ಹೋಗಿದ್ರು, ಮಗು ಇರೋ ಮನೆ, ಬೆಲ್ ಹೊಡೆದ್ರೆ ಎದ್ದುಬಿಡುತ್ತೆ ಅಂತ. ಇಂಥೋರು ಸಿಗೋಕೆ ಪುಣ್ಯ ಮಾಡಿರ್ಬೇಕು, ನಾನು ಮನಸಾರೆ ಹೇಳ್ತಿದೀನಿ.

ಅವ್ರ ಮನೆ ಖಾಲಿ ಮಾಡೋವಾಗ ನಂಗೆ ಬಂದ ಆಸ್ತಿ ಅಂದ್ರೆ ಒಂದು ಮಿಕ್ಸಿ ಮತ್ತೆ ಅದರ ಟ್ರಾನ್ಸ್‌ಫಾರ್ಮರು. ಹೊರದೇಶದಲ್ಲಿರೋರಿಗೆ ಇದರ ಬೆಲೆ ಗೊತ್ತಿರುತ್ತೆ. ಜಪಾನಲ್ಲಿ ಕರೆಂಟ್ ಬರೋದು 100 ವೋಲ್ಟ್, ನಮ್ಮ ಮಿಕ್ಸಿಗೆ ಬೇಕಾಗಿರೋದು 230, ಹಾಗೇ ಚುಚ್ಚಿದ್ರೆ ಮೋಟರ್ ಮೇಲಕ್ಕೇಳಲ್ಲ, ಇಲ್ಲಿನ ಬ್ಲೆಂಡರ್‌ಗಳಲ್ಲಿ ಇಡ್ಲಿಗೆ ಉದ್ದಿನಬೇಳೆ ರುಬ್ಬೋಕೆ ಹೋದ್ರೆ ಹತ್ತೇ ನಿಮಿಷಕ್ಕೆ ಸುಟ್ಟ ವಾಸನೆ. ಅದಕ್ಕೆ ವೋಲ್ಟೇಜ್ ಏರಿಸೋ ಟ್ರಾನ್ಸ್‌ಫಾರ್ಮರ್ ಬೇಕು, ಅದು ಕಬ್ಬಿಣದ ಗಟ್ಟಿ, ಎತ್ತಿದ್ರೆ ಸೊಂಟ ಹಿಡ್ಕೊಳುತ್ತೆ, ಯಾರೂ ವಿಮಾನದಲ್ಲಿ ವಾಪಸ್ ತಗೊಂಡು ಹೋಗಲ್ಲ. ಹಾಗಾಗಿ ಈ ಊರಿನ ಇಂಡಿಯನ್ನರಲ್ಲಿ ಅದು ಕೈಯಿಂದ ಕೈಗೆ ಬಂದಿದೆ. ಅಕ್ಕನಿಗೆ ಕೊಟ್ಟಿದ್ದು ಹೈದರಾಬಾದಿನ ಹುಡುಗ, ಅವನಿಗೆ ಕೊಟ್ಟಿದ್ದು ಪುಣೆ ಕಡೆಯ ಒಂದು ಸಂಸಾರ, ಅದಕ್ಕೂ ಮುಂಚೆ ಯಾರ ಹತ್ರ ಇತ್ತು ಅಂತ ಅಕ್ಕನಿಗೂ ಗೊತ್ತಿಲ್ಲ. ಹಿಂಭಾಗದಲ್ಲಿ ಯಾರೋ ಮಾರ್ಕರಲ್ಲಿ ‘ಮೊದಲು ಇದನ್ನ ಆನ್ ಮಾಡಿ, ಆಮೇಲೆ ಮಿಕ್ಸಿ’ ಅಂತ ಹಿಂದಿಲಿ ಬರೆದಿದ್ದಾರೆ, ಅದರ ಕೆಳಗೆ ಅಕ್ಕ ತಮಿಳಲ್ಲಿ ಬರೆದಿದ್ರು. ನಾನು ಅದರ ಕೆಳಗೆ ಕನ್ನಡದಲ್ಲಿ ಬರೆದಿದೀನಿ.

ಈ ಸಲ, ಅಂದ್ರೆ 2025ರಲ್ಲಿ, ಉಗಾದಿ ಬಂದಿದ್ದು ಮಾರ್ಚ್ 30, ಭಾನುವಾರ. ಅಕ್ಕ ಅವ್ರು ಹೊರಡೋದು ಮಾರನೇ ದಿನ. ಅವ್ರ ಮನೇಲಿ ಗ್ಯಾಸ್ ಆಗ್ಲೇ ಕಟ್ ಮಾಡ್ಸಿದ್ರು, ಹಾಗಾಗಿ ಎಲ್ಲರೂ ನಮ್ಮನೇಲೇ. ಹೋಳಿಗೆ ಮಾಡಿದೆ, ಟೋಕಿಯೋದ ಇಂಡಿಯನ್ ಅಂಗಡಿಯಿಂದ ತರಿಸಿದ ಬೆಲ್ಲ ಇತ್ತು. ಬೇವು ಎಲ್ಲಿಂದ ಬರ್ಬೇಕು? ಪಕ್ಕದ ಮನೆ ಅಜ್ಜಿ ಆ ದಿನ ಬೆಳಿಗ್ಗೆ ಒಂದು ಸಣ್ಣ ಬಾಟಲಲ್ಲಿ ಫುಕಿಮಿಸೊ ತಂದು ಕೊಟ್ಟಿದ್ರು. ಫುಕಿನೊತೊ ಅಂತ ಒಂದು ಮೊಗ್ಗು, ಹಿಮ ಕರಗಿದ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಮಣ್ಣು ಸೀಳ್ಕೊಂಡು ಬರುತ್ತೆ, ತಿಳಿ ಹಸಿರು, ಎಲೆ ಮೇಲೆ ಎಲೆ ಸುತ್ಕೊಂಡು ಗುಂಡಗೆ. ಅದನ್ನ ಸಣ್ಣಗೆ ಹೆಚ್ಚಿ ಎಣ್ಣೇಲಿ ಬಾಡಿಸಿ ಮಿಸೊ ಅನ್ನೋ ಹುದುಗಿಸಿದ ಸೋಯಾ ಪೇಸ್ಟು, ಸಕ್ಕರೆ ಹಾಕಿ ಕೈಯಾಡಿಸ್ತಾರೆ. ನಾಲಿಗೆ ಮೇಲೆ ಮೊದಲು ಸಿಹಿ, ಉಪ್ಪು, ಆಮೇಲೆ ಕಹಿ ಬಂದು ಗಂಟಲಲ್ಲಿ ತುಂಬ ಹೊತ್ತು ನಿಲ್ಲುತ್ತೆ. ಚಳಿಗಾಲ ಮುಗಿದ ಮೇಲೆ ಕಹಿ ತಿಂದು ಮೈನ ಎಬ್ಬಿಸ್ಬೇಕು ಅಂತಾರೆ ಅಜ್ಜಿ. ನಾನು ಅದನ್ನೇ ಚಮಚದ ತುದಿಲಿ ತಗೊಂಡು ಬೆಲ್ಲದ ಚೂರಿನ ಜೊತೆ ದೇವರ ಮುಂದಿಟ್ಟು ಎಲ್ಲರಿಗೂ ಕೊಟ್ಟೆ. ಅಕ್ಕ ತಿಂದು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ‘ನಮ್ಮ ಬೇವಿನ ಹೂ ಪಚಡಿಗೂ ಹಿಂಗೇ ಇರುತ್ತೆ ಮಾ’ ಅಂದ್ರು. ಅವ್ರ ವರ್ಷದ ಹಬ್ಬ ಏಪ್ರಿಲ್ 14ಕ್ಕೆ, ಅಷ್ಟೊತ್ತಿಗೆ ಮದುರೆಲಿ ಇರ್ತಾರೆ, ಅದಾದ ಮೇಲೆ ಮೀನಾಕ್ಷಿ ಕಲ್ಯಾಣ, ಅಳಗರ್ ದೇವರು ವೈಗೈ ನದಿಗೆ ಇಳಿಯೋದು, ಎಲ್ಲ ನೋಡ್ಬಹುದು ಅಂತ ಖುಷಿ ಅವ್ರಿಗೆ. ಹೇಳ್ತಾ ಹೇಳ್ತಾನೇ ಕಿಟಕಿ ಕಡೆ ನೋಡಿ ‘ಈ ವರ್ಷ ಇಲ್ಲಿ ಹೂ ನೋಡಕ್ಕಾಗ್ಲಿಲ್ಲ’ ಅಂದ್ರು. ಮತ್ಸುಮೊಟೊ ಕೋಟೆ ಕಂದಕದ ಸುತ್ತ ಇರೋ ಮರಗಳು ಅವ್ರಿಗೆ ಎಷ್ಟು ಇಷ್ಟ ಅಂತ ನಂಗೊತ್ತು, ಹಿಂದಿನ ವರ್ಷ ಸಂಜೆ ಆದ್ರೆ ಸಾಕು ನನ್ನನ್ನ ಅಲ್ಲಿಗೆ ಎಳ್ಕೊಂಡು ಹೋಗೋರು.

ಹೊರಡೋ ದಿನ ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ ಇಟ್ಟು, ತೆಂಗಿನಕಾಯಿ ಬದಲು ಇಲ್ಲಿನ ಸೇಬು ಇಟ್ಟೆ. ನಗಾನೊ ಸೇಬಿಗೆ ಹೆಸರಾದ ಸೀಮೆ, ಶರತ್ಕಾಲದಲ್ಲಿ ಕಿತ್ತಿದ್ದು ಕೋಲ್ಡ್ ಸ್ಟೋರೇಜಲ್ಲಿಟ್ಟು ಮಾರ್ಚಲ್ಲೂ ಮಾರ್ತಾರೆ. ಪಕ್ಕದ ಮನೆ ಅಜ್ಜಿ ಗೇಟಿನ ಹತ್ರ ನಿಂತಿದ್ರು, ಟ್ಯಾಕ್ಸಿ ತಿರುವಲ್ಲಿ ಮರೆಯಾಗೋವರೆಗೂ ಕೈ ಬೀಸ್ತಾನೇ ಇದ್ರು, ಇಲ್ಲಿಯವರು ಹಾಗೇ, ಕಣ್ಣಿಂದ ಮರೆಯಾಗೋವರೆಗೂ ಒಳಗೆ ಹೋಗಲ್ಲ. ದಾರೀಲಿ ಗೆಂಚಿ ಬಾವಿ ಹತ್ರ ಅಕ್ಕ ಟ್ಯಾಕ್ಸಿ ನಿಲ್ಲಿಸಿ ಬಾಟಲಿಗೆ ನೀರು ತುಂಬಿಸ್ಕೊಂಡ್ರು. ಈ ಊರಲ್ಲಿ ಬೆಟ್ಟದ ನೀರು ನೆಲದಡಿಯಿಂದ ಅಲ್ಲಲ್ಲಿ ಉಕ್ಕುತ್ತೆ, ಯಾರು ಬೇಕಾದ್ರೂ ತುಂಬಿಸ್ಕೊಬಹುದು.

ನಾವು ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಒಳಗೆ ಹೋದ್ವಿ. ಶಿಂಜುಕುಗೆ ಹೋಗೋ ಅಝುಸಾ ರೈಲು, ಎರಡೂವರೆ ಗಂಟೆ ಮೇಲೆ ಸ್ವಲ್ಪ ಆಗುತ್ತೆ, ಅಲ್ಲಿಂದ ಏರ್ಪೋರ್ಟು. ನಮ್ಮ ಸ್ಟೇಷನ್ನಲ್ಲಿ ರೈಲು ಬಂದಾಗ ಒಬ್ಬ ಹೆಂಗಸಿನ ದನಿ ‘ಮತ್ಸುಮೊಟೋ… ಮತ್ಸುಮೊಟೋ…’ ಅಂತ ಊರ ಹೆಸರನ್ನ ಎಳೆದು ಹೇಳುತ್ತೆ, ಜಪಾನಲ್ಲೆಲ್ಲ ಇದು ಫೇಮಸ್ಸು. ದಿನಾ ಕೇಳೋರಿಗೆ ಏನೂ ಅನ್ಸಲ್ಲ. ಅವತ್ತು ಅಕ್ಕ ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರು. ಆಮೇಲೆ ನನ್ನ ಮಗಳನ್ನ ಎತ್ಕೊಂಡು ಕೆನ್ನೆಗೆ ಕೆನ್ನೆ ಒತ್ತಿ ಅತ್ರು, ನಾನೂ ಅತ್ತೆ, ಸುತ್ತ ಬಾಗಿ ನಮಸ್ಕಾರ ಮಾಡ್ತಿದ್ದ ಜನರ ಮಧ್ಯೆ ನಾವಿಬ್ರೇ ತಬ್ಬಿಕೊಂಡು ಜೋರಾಗಿ ಅಳ್ತಿದ್ವಿ, ಯಾರೂ ತಿರುಗಿ ನೋಡ್ಲಿಲ್ಲ, ಮಾರ್ಚಲ್ಲಿ ಆ ಪ್ಲಾಟ್‌ಫಾರಂ ಎಲ್ಲಾನೂ ಕಂಡಿರುತ್ತೆ.

ಆಮೇಲಿನ ವಾರ ಇದೆಯಲ್ಲ, ಅದೇ ಕಷ್ಟ. ಹೋಗೋರು ಹೋಗಿರ್ತಾರೆ, ಬರೋರು ಇನ್ನೂ ಬಂದಿರಲ್ಲ, ಬೆಟ್ಟದ ಮೇಲೆ ಹಿಮ, ಗಾಳಿ ಚಳಿ. ಒಂದು ವಿಚಿತ್ರ ನೋಡಿ, ಹೆಣ್ಣುಮಕ್ಕಳ ಗೊಂಬೆ ಹಬ್ಬ ದೇಶದಲ್ಲೆಲ್ಲ ಮಾರ್ಚ್ 3ಕ್ಕೆ ಮಾಡಿದ್ರೆ ಈ ಊರಲ್ಲಿ ಮೊದಲಿಂದ್ಲೂ ತಿಂಗಳು ತಡವಾಗಿ ಏಪ್ರಿಲ್ 3ಕ್ಕೆ ಮಾಡೋ ರೂಢಿ, ಮಾರ್ಚ್ ಮೊದಲ ವಾರ ಇಲ್ಲಿ ಇನ್ನೂ ಕಡು ಚಳಿ. ಹಬ್ಬನ ಊರಿನ ಹವಾಕ್ಕೆ ತಕ್ಕ ಹಾಗೆ ಮುಂದಕ್ಕೆ ಹಾಕ್ಕೊಂಡಿದ್ದಾರೆ. ಆಫೀಸಿನ ವರ್ಷ, ಸ್ಕೂಲಿನ ವರ್ಷನ ಮಾತ್ರ ಯಾರೂ ಮುಂದಕ್ಕೆ ಹಾಕಲ್ಲ. ಅದೂ ಎರಡು ವಾರ ಸರಿದಿದ್ರೆ ಎಷ್ಟು ಜನ ಹೂ ನೋಡ್ಕೊಂಡು ಹೋಗ್ತಿದ್ರು.

ಮಗಳ ಸ್ಕೂಲ್ ಸೇರೋ ಸಮಾರಂಭವೂ ಹಾಗೇ ಆಯ್ತು. ಬೆನ್ನಿಗಿಂತ ದೊಡ್ಡ ಬ್ಯಾಗು ಹಾಕ್ಕೊಂಡು ಸ್ಕೂಲ್ ಗೇಟ್ ಹತ್ರ ಫೋಟೋಗೆ ನಿಂತಳು, ಚಿತ್ರಗಳಲ್ಲೆಲ್ಲ ಆ ಗೇಟಿನ ಮೇಲೆ ಸಕುರಾ ಉದುರ್ತಿರುತ್ತೆ, ಇಲ್ಲಿ ಮೊಗ್ಗು ಇನ್ನೂ ಬಿಗಿ ಮುಷ್ಟಿ. ಪರವಾಗಿಲ್ಲ, ಅವಳು ಇಲ್ಲೇ ಇರ್ತಾಳೆ, ವಾರ ಬಿಟ್ಟು ಅದೇ ಗೇಟಲ್ಲಿ ಇನ್ನೊಂದು ಫೋಟೋ ತೆಗೆದೆ.

ಹೂ ಬಂದಾಗ ಎಲ್ಲ ಒಟ್ಟಿಗೆ ಬರುತ್ತೆ. ಕೋಟೆ ಹತ್ರ ಗುರುತಿಗಿಟ್ಟ ಒಂದು ಮರ ಇದೆ, ಅದರಲ್ಲಿ ಐದಾರು ಹೂ ಬಿಟ್ಟಿದ್ದು ಕಂಡ್ರೆ ಅರಳಿತು ಅಂತ ಹೇಳ್ತಾರೆ, ಆಮೇಲೆ ಕೆಲವು ರಾತ್ರಿ ಕೋಟೆ ಒಳಗಿನ ತೋಟಕ್ಕೆ ದುಡ್ಡಿಲ್ಲದೆ ಬಿಡ್ತಾರೆ. 16ನೇ ಶತಮಾನದ ಕೊನೇಲಿ ಕಟ್ಟಿದ ಕಪ್ಪು ಮರದ ಕೋಟೆ, ಅದರ ಮುಂದೆ ದೀಪ ಬಿದ್ದ ಹೂ, ಕಂದಕದ ನೀರಲ್ಲಿ ಎರಡೂ ಕಾಣುತ್ತೆ. ಹಗಲಲ್ಲಿ ನಂಗೆ ಕೊಬೊಯಾಮಾ ಗುಡ್ಡನೇ ಹೆಚ್ಚು ಇಷ್ಟ, ಅದು ನಿಜಕ್ಕೂ ಸಾವಿರದ ಏಳ್ನೂರು ವರ್ಷದ ಆಸುಪಾಸಿನ ಹಳೇ ಸಮಾಧಿ ದಿಬ್ಬ, ಇಡೀ ಗುಡ್ಡ ಸಕುರಾ, ಮೇಲೆ ನಿಂತ್ರೆ ಕೆಳಗೆ ಊರು, ಎದುರಿಗೆ ಹಿಮದ ಬೆಟ್ಟ. ಹಿಮ ಕರಗ್ತಾ ಕರಗ್ತಾ ಮಾಯೆಜೊನೆನ್ ಬೆಟ್ಟದ ಮೇಲೆ ಕಪ್ಪು ಬಂಡೆ ಕಾಣೋಕೆ ಶುರುವಾಗುತ್ತೆ, ಅದು ಕೈಲಿ ಮದ್ಯದ ಕುಡಿಕೆ ಹಿಡಿದ ಸನ್ಯಾಸಿ ಥರ ಕಾಣುತ್ತಂತೆ, ಹಿಂದಿನ ಕಾಲದ ರೈತರು ಅದನ್ನ ನೋಡಿ ಬೇಸಾಯದ ಕಾಲ ತಿಳ್ಕೊತಿದ್ರು. ಅಜ್ಜಿ ತೋರಿಸ್ದಾಗ ನಂಗೂ ಕಾಣ್ತು.

ಅಕ್ಕನ ಮನೆಗೆ ಏಪ್ರಿಲಲ್ಲಿ ವಿಯೆಟ್ನಾಂನ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಬಂದ್ರು. ಬಂದ ಮಾರನೇ ದಿನವೇ ಊರು ಪೂರ್ತಿ ಹೂ. ಆ ಹುಡುಗಿ ಬಾಲ್ಕನಿಲಿ ನಿಂತು ಫೋನ್ ಹಿಡಿದು ಅವ್ರಮ್ಮನಿಗೆ ತೋರಿಸ್ತಿದ್ಲು, ಅದೇ ಬಾಲ್ಕನಿ, ನೋಡಿ ಒಂದು ಕ್ಷಣ ಸಂಕಟ ಆಯ್ತು, ಆಮೇಲೆ ಅವಳ ಖುಷಿ ನೋಡಿ ನಂಗೂ ಖುಷಿ ಆಯ್ತು. ಡಿಸೆಂಬರ್ ಬರ್ಲಿ, ಪೈಪ್ ನೀರು ಖಾಲಿ ಮಾಡೋದು ಹೇಗೆ ಅಂತ ನಾನೇ ಹೋಗಿ ತೋರಿಸಿ ಬರ್ತೀನಿ.

ಅಕ್ಕನಿಗೆ ಕೋಟೆದು, ಗುಡ್ಡದ್ದು, ಸ್ಕೂಲ್ ಗೇಟಿಂದು ಎಲ್ಲ ವೀಡಿಯೋ ಕಳಿಸಿದೆ. ಮದುರೆಲಿ ಆಗ್ಲೇ ಬಿಸಿಲು ಕುದೀತಿದೆಯಂತೆ, ಫ್ಯಾನ್ ಕೆಳಗೆ ಕೂತ್ಕೊಂಡು ಮನೆಯವರಿಗೆಲ್ಲ ತೋರಿಸಿದ್ರಂತೆ. ಗಂಡನ ಯೂನಿವರ್ಸಿಟಿ ಕೆಲಸದ ಮೇಲೆ ಯಾವತ್ತಾದ್ರೂ ಬರೋ ಚಾನ್ಸ್ ಇದೆ, ಮಾರ್ಚಲ್ಲಿ ರಜ ಸಿಗ್ಬಹುದು ಅಂದ್ರು. ಮಾರ್ಚ್ ಬೇಡ ಅಕ್ಕ, ಏನಾದ್ರೂ ಮಾಡಿ ಏಪ್ರಿಲ್ ಎರಡನೇ ವಾರಕ್ಕೆ ಟಿಕೆಟ್ ಮಾಡ್ಸಿ, ನಮ್ಮನೇಲೇ ಉಳ್ಕೊಳಿ, ಮಿಕ್ಸಿ ಚೆನ್ನಾಗಿ ಓಡ್ತಿದೆ ಅಂತ ಹೇಳಿದೀನಿ.